ಪೆಟ್ಟಿಗೆಯಕ್ಕ ಮತ್ತು ತಲೆ ಬಾಗುವ ಕಂಪ್ಯೂಟರ್

ಅರಗಿನ ಪಾಲಿಶ್ ಒಣಗುವಾಗ ಒಂದು ವಾಸನೆ ಬರುತ್ತದೆ. ಸ್ವಲ್ಪ ಸಿಹಿ, ಸ್ವಲ್ಪ ಘಾಟು, ಒಮ್ಮೆ ಮೂಗಿಗೆ ಹತ್ತಿದರೆ ಇಡೀ ದಿನ ಬಿಡದಂಥದ್ದು. ಪೆಟ್ಟಿಗೆಯಕ್ಕನಿಗೆ ಅಪ್ಪ ಎಂದರೆ ಆ ವಾಸನೆ. ಅಪ್ಪ ರೇಡಿಯೊಗಳಿಗೆ ಮರದ ಪೆಟ್ಟಿಗೆ ಮಾಡುವ ಬಡಗಿ. ಶಾಲೆ ಮುಗಿಸಿ ಬಂದ ಹುಡುಗಿ ಮರದ ಹೊಟ್ಟಿನ ರಾಶಿಯ ಮೇಲೆ ಕೂತು ಮಗ್ಗಿ ಉರುಹೊಡೆಯುತ್ತಿದ್ದರೆ, ಅಪ್ಪ ಹತ್ತಿಯ ಉಂಡೆಯನ್ನು ಅರಗಿನಲ್ಲಿ ಅದ್ದಿ ಪೆಟ್ಟಿಗೆಯ ಮೈ ಉಜ್ಜುತ್ತಿದ್ದರು. ಮುಂಭಾಗಕ್ಕೆ ಎಷ್ಟು ಉಜ್ಜುತ್ತಿದ್ದರೋ ಹಿಂಬದಿಗೂ ಅಷ್ಟೇ. “ಗೋಡೆಗೆ ಒರಗಿಸಿ ಇಡೋ ಪೆಟ್ಟಿಗೆಗೆ ಬೆನ್ನು ಯಾಕಪ್ಪ ನಯ ಮಾಡ್ಬೇಕು?” ಎಂದು ಮಗಳು ಒಮ್ಮೆ ಕೇಳಿದ್ದಕ್ಕೆ ಅಪ್ಪ ತಲೆ ಎತ್ತದೆಯೇ ಉತ್ತರ ಕೊಟ್ಟಿದ್ದರು: “ಧೂಳು ಒರೆಸೋ ಕೈಗೆ ಸಿಬಿರು ಚುಚ್ಚಬಾರದಲ್ಲ ಮಗಳೇ.”

ಈಗ ಬೆಳಕು ಹರಿಯುತ್ತಿದೆ. ಕಂಪ್ಯೂಟರ್ ತಯಾರಿಸುವ ಕಂಪನಿಯೊಂದರ ನೆಲಮಹಡಿಯ ಹಿಂಬದಿಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಬಾಯಿಗೆ ಮುಖವಸ್ತ್ರ, ತಲೆಗೆ ಹಳೆಯ ಬಟ್ಟೆ ಕಟ್ಟಿಕೊಂಡ ಪೆಟ್ಟಿಗೆಯಕ್ಕ ಉಪ್ಪುಕಾಗದವನ್ನು ಬೆರಳಿಗೆ ಸುತ್ತಿ, ಗಟ್ಟಿ ಫೋಮಿನ ಒಂದು ಕತ್ತನ್ನು ಮೆಲ್ಲಗೆ ಉಜ್ಜುತ್ತಿದ್ದಾರೆ. ಎಲ್ಲರಿಗಿಂತ ಮೊದಲು ಬರುವುದಕ್ಕೆ ಕಾರಣವಿದೆ. ಧೂಳು ಹೀರುವ ಯಂತ್ರ ಶುರುವಾದರೆ ಮೇಲಿನ ಮಹಡಿಯಲ್ಲಿ ಫೋನು ಹಿಡಿದವರಿಗೆ ಏನೂ ಕೇಳಿಸುವುದಿಲ್ಲ. “ಅವರು ಬರೋಷ್ಟರಲ್ಲಿ ನನ್ನ ಗಲಾಟೆ ಮುಗಿಸಿಬಿಡ್ತೀನಿ” ಎನ್ನುತ್ತಾರೆ.

ಮೇಜಿನ ಮೇಲೆ ಎರಡು ಕಂಪ್ಯೂಟರುಗಳಿವೆ. ಎರಡೂ ಆನ್ ಆಗುವುದಿಲ್ಲ. ಪರದೆಯ ಜಾಗದಲ್ಲಿ ಅಂಟಿಸಿರುವುದು ಬಣ್ಣದ ಕಾಗದ, ಗುಂಡಿಗಳು ಒತ್ತಿದರೆ ಒಳಗೆ ಹೋಗವು. ಕಂಪನಿ ಹೊಸ ಕಂಪ್ಯೂಟರು ಮಾಡುವ ಮೊದಲು ಅದರ ಮೈ ಹೇಗಿರಬೇಕು ಎಂದು ಮುಟ್ಟಿ ನೋಡಲು ಒಂದು ಮಾದರಿ ಬೇಕು. ಫೋಮು, ಮರ, ಬಣ್ಣಗಳಿಂದ ಅದನ್ನು ಮಾಡುವವರು ಪೆಟ್ಟಿಗೆಯಕ್ಕ. ಅವರ ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಟೀಚರು “ನಿಮ್ಮಮ್ಮ ಏನು ಕೆಲಸ ಮಾಡ್ತಾರೆ?” ಎಂದರೆ, “ಆನ್ ಆಗದ ಕಂಪ್ಯೂಟರ್ ಮಾಡ್ತಾರೆ ಮಿಸ್” ಎಂದಿದ್ದಳಂತೆ. ಇಡೀ ತರಗತಿ ನಕ್ಕಿತ್ತು. ಇವರು ಆ ಕಥೆ ಹೇಳುವಾಗ ಈಗಲೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ.

ಇವತ್ತು ಮಾತ್ರ ನಗು ಅಷ್ಟು ಸಲೀಸಾಗಿ ಬರುತ್ತಿಲ್ಲ. ಹನ್ನೊಂದು ಗಂಟೆಗೆ ಮೇಲಿನ ಮಹಡಿಯಲ್ಲಿ ಸಭೆ ಇದೆ. ಎರಡು ಮಾದರಿಗಳಲ್ಲಿ ಒಂದರ ಪರದೆ ಕಾಲಿನ ಮೇಲೆ ನೆಟ್ಟಗೆ, ಅಲುಗದೆ ನಿಂತಿದೆ. ಇನ್ನೊಂದರದ್ದು ಒಂದು ಬೆರಳು ತಾಗಿಸಿದರೆ ಸಾಕು, ತಲೆ ಬಾಗಿ ಮೇಜಿನ ಮಟ್ಟಕ್ಕೆ ಇಳಿಯುತ್ತದೆ, ಎಡಕ್ಕೆ ಬಲಕ್ಕೆ ತಿರುಗುತ್ತದೆ ಕೂಡ. ಯಾವುದು ಉಳಿಯಬೇಕು ಎಂದು ಇವತ್ತೇ ತೀರ್ಮಾನ. ಬಾಗುವ ಕತ್ತು ಉಳಿಯಬೇಕೆಂಬುದು ಪೆಟ್ಟಿಗೆಯಕ್ಕನ ಬಹುದಿನದ ಆಸೆ. ಹಾಗಂತ ನೆಟ್ಟಗಿನದಕ್ಕೆ ಒಂದು ಉಜ್ಜೂ ಕಡಿಮೆ ಬಿದ್ದಿಲ್ಲ. “ಎರಡೂ ನನ್ನ ಮಕ್ಕಳೇ. ಒಂದಕ್ಕೆ ಹೊಸ ಬಟ್ಟೆ, ಇನ್ನೊಂದಕ್ಕೆ ಹರಿದ ಬಟ್ಟೆ ಹಾಕಿ ಕಳಿಸಿದ್ರೆ ಅದು ಮೋಸ.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬರುವವರು ಕೀಲಣ್ಣ. ಕಂಪ್ಯೂಟರಿನ ಕೀಲು, ಸ್ಪ್ರಿಂಗುಗಳನ್ನೆಲ್ಲ ಲೆಕ್ಕ ಹಾಕಿ ಮಾಡುವ ಹಿರಿಯ ಎಂಜಿನಿಯರು. ವರ್ಷಗಟ್ಟಲೆ ಪ್ಲಾಸ್ಟಿಕ್ ಭಾಗಗಳ ಅಚ್ಚಿನ ಯಂತ್ರಗಳ ಸದ್ದಿನ ನಡುವೆ ದುಡಿದು ಕಿವಿ ಮಂದವಾಗಿದೆ. ಅವರನ್ನು ಕಂಡೊಡನೆ ಪೆಟ್ಟಿಗೆಯಕ್ಕನ ಕೈ ತಾನಾಗಿ ಮುಖವಸ್ತ್ರವನ್ನು ಗಲ್ಲದ ಕೆಳಗೆ ಎಳೆಯುತ್ತದೆ. ಬೇರೆ ಯಾರ ಜೊತೆ ಮಾತಾಡುವಾಗಲೂ ಹಾಗೆ ಮಾಡುವುದಿಲ್ಲ.

“ಏನು ತಾಯಿ, ಇನ್ನೂ ಉಜ್ಜುತ್ತಾನೇ ಇದೀಯಾ? ಉಜ್ಜಿ ಉಜ್ಜಿ ಆ ಕತ್ತೇ ಮಾಯ ಮಾಡಿಬಿಡು. ನನಗೂ ತಲೆನೋವು ತಪ್ಪುತ್ತೆ.”

“ನಿಮ್ಮ ತಲೆನೋವಿಗೆ ನನ್ನ ಕತ್ತು ಕುಯ್ಯಬೇಕಾ ಕೀಲಣ್ಣ?”

“ಮತ್ತೆ? ರಿಪೇರಿಗೆ ಬರೋ ಪೆಟ್ಟಿಗೆಗಳಲ್ಲಿ ಅರ್ಧಕ್ಕರ್ಧ ಕತ್ತು ನೋವಿನವೇ. ಕೀಲೇ ಇಲ್ಲದಿದ್ರೆ ಸವೆಯೋದು ಎಲ್ಲಿಂದ? ನೆಟ್ಟಗೆ ನಿಲ್ಲಿಸು, ನೆಮ್ಮದಿಯಾಗಿರು. ಸಭೇಲೂ ಇದನ್ನೇ ಹೇಳ್ತೀನಿ, ಆಮೇಲೆ ಮುಖ ಊದಿಸ್ಕೊಂಡು ಕೂರಬೇಡ.” ಕೀಲಣ್ಣ ಗೋಡೆಯ ಖಾಲಿ ಮೊಳೆ ನೋಡುತ್ತಾರೆ. “ಊಟದ ಚೀಲ ಎಲ್ಲಿ?”

“ಬಸ್ಸಲ್ಲಿ ಹೋಯ್ತು.”

ಪೆಟ್ಟಿಗೆಯಕ್ಕನ ಯಜಮಾನರು ಬಸ್ಸಿನ ಚಾಲಕರು. ಅವರು ಓಡಿಸುವ ಮೊದಲ ಬಸ್ಸಿನಲ್ಲೇ ಇವರು ಕೆಲಸಕ್ಕೆ ಬರುವುದು. ಇವತ್ತು ಇಳಿಯುವ ಗಡಿಬಿಡಿಯಲ್ಲಿ ಚೀಲ ಸೀಟಿನ ಮೇಲೆಯೇ ಉಳಿದು, ಬಸ್ಸಿನ ಜೊತೆ ಊರು ಸುತ್ತಲು ಹೋಗಿದೆ.

“ನೀನು ಊಟ ಮರೆತಿದೀಯ ಅಂದ್ರೆ ಒಳಗೊಳಗೇ ನಡುಗ್ತಿದೀಯ ಅಂತ ಅರ್ಥ.”

“ನಾನು ನಡುಗಿದ್ದು ಯಾವತ್ತಾದ್ರೂ ನೋಡಿದೀರಾ?”

“ನೋಡಿದೀನಿ. ನಿನ್ನ ಪರದೆ ನನ್ನ ಗಲ್ಲಕ್ಕೆ ಬಾರಿಸಿದ ದಿನ!”

ಆ ಗಲ್ಲದ ಕಥೆ ಹೇಳಬೇಕಾದರೆ ಮೊದಲ ಕಂಪ್ಯೂಟರಿನಿಂದಲೇ ಶುರು ಮಾಡಬೇಕು. ಆಗೆಲ್ಲ ಮೇಜಿನ ಮೇಲೆ ಪರದೆ ಒಂದು, ಅದರ ಪಕ್ಕ ಯಂತ್ರದ ಗೂಡು ಇನ್ನೊಂದು, ನಡುವೆ ಬಿಡಿಸಲಾಗದ ವೈರುಗಳ ಸಿಕ್ಕು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಬಿಡೋಣ ಎಂದು ಕಂಪನಿ ಹೊರಟಾಗ, ರೇಡಿಯೊ ಪೆಟ್ಟಿಗೆಯವನ ಮಗಳು ಎಂಬ ಕಾರಣಕ್ಕೇ ಇವರಿಗೆ ಕೆಲಸ ಸಿಕ್ಕಿತು. ಹಳೆಯ ಟೀವಿಗಳಂತೆ ಪರದೆಯ ಹಿಂದೆ ಗಾಜಿನ ದೊಡ್ಡ ಕೊಳವೆ ಇರುತ್ತಿದ್ದ ಕಾಲ ಅದು. ಹಾಗಾಗಿ ಮೊದಲ ಮಾದರಿಯ ಬೆನ್ನು ಗುಡ್ಡದ ಹಾಗೆ ಉಬ್ಬಿತ್ತು. ಕೋಣೆಯಲ್ಲಿ ಅದಕ್ಕೆ ಗುಂಡಣ್ಣ ಎಂದೇ ಹೆಸರು. ಗುಂಡಣ್ಣ ಶಾಲೆ, ಬ್ಯಾಂಕು, ಆಸ್ಪತ್ರೆಗಳ ಕೌಂಟರುಗಳನ್ನೆಲ್ಲ ಏರಿ ಕೂತ.

ಪೆಟ್ಟಿಗೆಯಕ್ಕನ ಅಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಅಮ್ಮನನ್ನು ಒಂದು ದಿನ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಹೆಸರು ಬರೆಸುವ ಕೌಂಟರಿನ ಮೇಲೆ ಗುಂಡಣ್ಣ. ಮಗಳಿಗೆ ಹಿಗ್ಗೋ ಹಿಗ್ಗು. “ಅಮ್ಮಾ, ಇದರ ಮೊದಲ ಮೈ ನನ್ನ ಕೈಯಲ್ಲಿ ಆಗಿದ್ದು” ಎಂದು ತೋರಿಸಿದರು. ಅಮ್ಮ ಅದರ ಬೆನ್ನು ಸವರಿ ನೋಡಿ, ನಯವಾಗಿದೆ ಎಂದು ತಲೆದೂಗಿದರು.

“ಆಮೇಲೆ ನಡೆದಿದ್ದು ಮರೆಯೋಕಾಗಲ್ಲ. ಪೆಟ್ಟಿಗೆ ಹಿಂದೆ ಕೂತ ಹುಡುಗಿ ಹೆಸರು ಕೇಳ್ತಿದಾಳೆ, ಮತ್ತೆ ಕೇಳ್ತಿದಾಳೆ. ಅಮ್ಮನಿಗೆ ಅವಳ ಬಾಯೇ ಕಾಣ್ತಿಲ್ಲ. ಆ ಪೆಟ್ಟಿಗೆಯ ಜಾಲರಿಯಿಂದ ಬಿಸಿಗಾಳಿ ಬೇರೆ ನೇರ ಮುಖಕ್ಕೆ ಬಡೀತಿದೆ. ಹಿಂದೆ ಸಾಲಲ್ಲಿ ನಿಂತವರು ‘ಬೇಗ, ಬೇಗ’ ಅಂತಿದಾರೆ. ನಾನು ಹೇಳೋಕೆ ಹೋದ್ರೆ ಅಮ್ಮ ನನ್ನ ಕೈ ಗಟ್ಟಿಯಾಗಿ ಅದುಮಿದ್ರು. ತನ್ನ ಹೆಸರು ತಾನೇ ಹೇಳ್ಬೇಕು ಅಂತ ಹಟ.”

ಕೌಂಟರಿನ ಹುಡುಗಿ ಆಗ ಎದ್ದು ನಿಂತಳು. ಸೊಂಟ ಬಗ್ಗಿಸಿ ಗುಂಡಣ್ಣನ ಪಕ್ಕದಿಂದ ಮುಖ ಹೊರಗೆ ಚಾಚಿ, ಹಣೆಯ ಕೂದಲು ಸರಿಸಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: “ನಿಮ್ಮ ಹೆಸರು ಏನಮ್ಮಾ?” ಅಮ್ಮನ ಮುಖ ಅರಳಿತು. ಹೆಸರು ಹೇಳಿದರು, ಕೇಳದಿದ್ದರೂ ಊರು, ಮನೆ, ಮಗಳ ಕೆಲಸ ಎಲ್ಲವನ್ನೂ ಹೇಳಿದರು. ಅಮ್ಮನ ಹಿಂದಿದ್ದ ಮುದುಕರಿಗೂ ಆ ಹುಡುಗಿ ಹಾಗೆಯೇ ಎದ್ದು ಬಗ್ಗಿದ್ದನ್ನು ಮಗಳು ನೋಡಿದರು.

“ಸಂಜೆ ಹೊತ್ತಿಗೆ ಅವಳ ಸೊಂಟ ಏನಾಗಿರ್ಬೇಕು ಹೇಳಿ? ಬಾಗಲೇಬೇಕು ಅಂದ್ರೆ ಪೆಟ್ಟಿಗೆ ಬಾಗಲಿ. ಆ ಮಗು ಯಾಕೆ ಬಾಗ್ಬೇಕು?”

ಮರುದಿನವೇ ವಿನ್ಯಾಸಕಾರರ ಮುಂದೆ ಹೋಗಿ ನಿಂತು ಇದನ್ನೆಲ್ಲ ಹೇಳಿದರು. ಅವರೂ ಕೇಳಿಸಿಕೊಂಡರು. ಎರಡನೆಯ ಕಂಪ್ಯೂಟರಿನಲ್ಲಿ ಬಿಸಿಗಾಳಿಯ ಜಾಲರಿ ಬೆನ್ನಿನಿಂದ ನೆತ್ತಿಗೆ ಏರಿತು. “ಕೇಳಿದ್ದು ನಾನು, ದಾರಿ ಹುಡುಕಿದ್ದು ಅವರು” ಎಂದು ಒತ್ತಿ ಹೇಳುತ್ತಾರೆ ಪೆಟ್ಟಿಗೆಯಕ್ಕ. ಆದರೆ ಅಷ್ಟು ಭಾರದ ಗಾಜಿನ ಕೊಳವೆಯನ್ನು ಬಾಗಿಸುವುದು ಯಾರಿಂದಲೂ ಆಗುವ ಮಾತಾಗಿರಲಿಲ್ಲ.

ಚಪ್ಪಟೆ ಪರದೆ ಬಂದಾಗ ಕಾಲ ಕೂಡಿಬಂತು. ಕೊಳವೆ ಹೋಯಿತು, ಗುಡ್ಡದಂಥ ಬೆನ್ನು ಕರಗಿತು. ಯಂತ್ರವನ್ನೆಲ್ಲ ಕೆಳಗೆ ಬೋರಲು ಹಾಕಿದ ಬೋಗುಣಿಯಂಥ ಪಾದದೊಳಗೆ ತುಂಬಿ, ಅದರಿಂದ ಒಂದು ಕತ್ತು ಹೊರಡಿಸಿ, ತುದಿಗೆ ಪರದೆ ಸಿಕ್ಕಿಸಿದರು. ಕೀಲಣ್ಣ ನಿಜವಾದ ಪರದೆಯ ಭಾರಕ್ಕೆ ಸರಿಯಾಗಿ ಸ್ಪ್ರಿಂಗು ಮಾಡಿ ತಂದರು. ಪೆಟ್ಟಿಗೆಯಕ್ಕ ಅದನ್ನು ತಮ್ಮ ಫೋಮಿನ ಮಾದರಿಗೆ ಜೋಡಿಸಿದರು. ಫೋಮಿಗೆ ಎಲ್ಲಿಯ ಭಾರ? ಸುತ್ತ ನಿಂತವರಿಗೆ ತೋರಿಸಲು ಕೀಲಣ್ಣ ಬಗ್ಗಿ ಚಿಲಕ ಬಿಟ್ಟದ್ದೇ ತಡ, ಪರದೆ ಚಿಮ್ಮಿ ಮೇಲೆದ್ದು ಅವರ ಗಲ್ಲಕ್ಕೇ ಬಾರಿಸಿತು. ಅಂದಿನಿಂದ ಪೆಟ್ಟಿಗೆಯಕ್ಕನ ಮಾದರಿಗಳ ಹೊಟ್ಟೆಯಲ್ಲಿ ಸೀಸದ ತುಂಡುಗಳಿರುತ್ತವೆ. ನಿಜವಾದ ಯಂತ್ರದ ಭಾರ ಎಲ್ಲೆಲ್ಲಿ ಕೂರುವುದೋ ಅಲ್ಲಲ್ಲೇ ಕೂರಿಸುತ್ತಾರೆ. ಎತ್ತಿ ನೋಡಿದವರ ಕೈಗೆ ಸುಳ್ಳು ಹೇಳಬಾರದು ಎಂಬುದು ಅವರ ನಿಯಮ.

ಆಮೇಲಿನ ವರ್ಷಗಳಲ್ಲಿ ಬೋಗುಣಿ ಪಾದವೂ ಹೋಗಿ ಯಂತ್ರವೆಲ್ಲ ಪರದೆಯ ಬೆನ್ನಿಗೇ ಅಂಟಿಕೊಂಡಿತು. ದಪ್ಪ ಹಲಗೆಯಂತಿದ್ದದ್ದು ತೆಳ್ಳಗಾಗುತ್ತಾ ಸ್ಲೇಟಿನಷ್ಟಾಯಿತು. ಡಿಸ್ಕ್ ತೂರಿಸುವ ಸೀಳನ್ನು ತೆಗೆದುಹಾಕಿದಾಗ ಪೆಟ್ಟಿಗೆಯಕ್ಕ ಮಾತು ಬಿಡುವಷ್ಟು ಜಗಳವಾಡಿದರು. “ಜನ ಹಿಡಿಶಾಪ ಹಾಕ್ತಾರೆ ಅಂದಿದ್ದೆ. ಒಬ್ಬರೂ ಕೇಳಲಿಲ್ಲ ರೀ, ಅದು ಎಲ್ಲಿ ಹೋಯ್ತು ಅಂತ! ನಾನು ಹೇಳಿದ್ದೆಲ್ಲ ಸರಿ ಇರುತ್ತೆ ಅಂತೇನೂ ಇಲ್ಲ.” ಮೂಲೆಯಲ್ಲಿ ಈಗ ಮಾದರಿಗಳನ್ನು ತಾನೇ ಮುದ್ರಿಸುವ ಯಂತ್ರವೊಂದು ಬಂದು ಕೂತಿದೆ. ಅದರ ಮೇಲೂ ಮುನಿಸಿಲ್ಲ. “ರಾತ್ರಿಯೆಲ್ಲ ದುಡಿಯುತ್ತೆ, ಪಾಪ. ಬೆಳಿಗ್ಗೆ ಬಂದು ಅದು ಮುದ್ರಿಸಿದ್ದನ್ನ ಉಜ್ಜಿ ಮುಖ ತೊಳೆಸೋದು ನಾನೇ.”

ಇಷ್ಟೆಲ್ಲ ಬದಲಾವಣೆಗಳ ನಡುವೆ ಬಾಗುವ ಕತ್ತು ಮಾತ್ರ ಹೇಗೋ ಉಳಿದುಕೊಂಡು ಬಂದಿತ್ತು. ಈ ಸಲದ ಪರದೆ ಹಿಂದಿನ ಎಲ್ಲಕ್ಕಿಂತ ದೊಡ್ಡದು. ಕತ್ತು ತೆಗೆದರೆ ನೋಡಲು ಅಂದ, ಮಾಡಲು ಸುಲಭ, ಕೆಡುವುದೂ ಕಡಿಮೆ. ಕೀಲಣ್ಣನ ವಾದದಲ್ಲಿ ಹುರುಳಿಲ್ಲದಿಲ್ಲ. ಪೆಟ್ಟಿಗೆಯಕ್ಕನಿಗೂ ಅದು ಗೊತ್ತು. ಆದರೆ ಆ ಅಗಲದ ಪರದೆ ನೆಟ್ಟಗೆ ನಿಂತರೆ ಕೌಂಟರಿನ ಎದುರು ನಿಂತವರಿಗೆ ಮತ್ತೆ ಕಾಣುವುದು ಬರೀ ಬೆನ್ನು.

ಸಭೆಗೆ ಅವರಿಗೆ ಕರೆಯಿಲ್ಲ. ಮಾದರಿ ಮಾಡುವವರು ಮಾದರಿ ಕಳಿಸಿ ಕೆಳಗೆ ಕಾಯುವುದು ಇಲ್ಲಿನ ವಾಡಿಕೆ. ಹಾಗಾಗಿ ಹೇಳಬೇಕಾದ್ದನ್ನು ಕೈಯಲ್ಲೇ ಹೇಳಿದ್ದಾರೆ. ಕಳೆದ ವಾರ ಅದೇ ಆಸ್ಪತ್ರೆಗೆ ಹೋಗಿ, ಕೌಂಟರಿನ ಎತ್ತರವನ್ನು ಗೇಣು ಹಾಕಿ ಅಳೆದು ಬಂದು, ಪ್ಲೈವುಡ್ಡಿನಲ್ಲಿ ಅಂಥದ್ದೇ ಒಂದು ಕೌಂಟರು ಹೊಡೆದರು. ಹತ್ತು ಗಂಟೆಗೆ ವಿನ್ಯಾಸಕಾರ ಹುಡುಗ ಮಾದರಿಗಳನ್ನು ಒಯ್ಯಲು ಬಂದಾಗ ಅದನ್ನೂ ಗಾಡಿಗೆ ಏರಿಸುತ್ತಾರೆ.

“ಇವನ್ನ ಉದ್ದ ಮೇಜಿನ ಮೇಲೆ ಇಡಬೇಡಪ್ಪ, ಇದರ ಮೇಲಿಡು. ಕುರ್ಚಿ ಎರಡೂ ಕಡೆ ಹಾಕು. ಮೊದಲು ನೆಟ್ಟಗಿನದು ಇಡು. ಅಷ್ಟು ಮಾಡಿದ್ರೆ ಸಾಕು.”

“ಅಕ್ಕ, ನಾನೇನು ಹೇಳ್ಬೇಕು?”

“ಏನೂ ಹೇಳಬೇಡ. ಕೂರಿಸು.”

ಸಭೆಯಲ್ಲಿ ಬೇಡವೆನಿಸಿಕೊಂಡ ಮಾದರಿ ಮತ್ತೆ ಇದೇ ಕೋಣೆಗೆ ಬರುತ್ತದೆ, ಅದರ ಮೈ ಕಿತ್ತು ಇನ್ನೊಂದಕ್ಕೆ ಬಳಸಲು. ಒಪ್ಪಿಗೆಯಾದದ್ದು ಮೇಲಿನಿಂದಲೇ ಅಚ್ಚು ಮಾಡುವವರ ಬಳಿಗೆ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆಯಕ್ಕನಿಗೆ ತೀರ್ಪನ್ನು ಯಾರೂ ಬಂದು ಓದಿ ಹೇಳಬೇಕಿಲ್ಲ. ಗಾಡಿಯ ಮೇಲೆ ಯಾವುದು ಬರುತ್ತದೆ ಎಂದು ನೋಡಿದರೆ ಆಯಿತು. ಹನ್ನೊಂದಾಗುತ್ತದೆ, ಹನ್ನೆರಡೂ ಆಗುತ್ತದೆ. ಉಳಿಗಳನ್ನು ಮಸೆಯುತ್ತಾರೆ, ಮಸೆದವನ್ನೇ ಮತ್ತೆ ಮಸೆಯುತ್ತಾರೆ. ಊಟದ ಹೊತ್ತು ಮೀರುತ್ತದೆ. ಚೀಲವಿಲ್ಲದ ಮೊಳೆಯ ಕಡೆ ಎರಡು ಸಲ ಕಣ್ಣು ಹೋಗಿ ಬರುತ್ತದೆ.

ಕೊನೆಗೆ ಗಾಡಿಯ ಚಕ್ರ ಕಿರುಗುಟ್ಟುತ್ತದೆ. ತಳ್ಳಿಕೊಂಡು ಬರುತ್ತಿರುವವರು ಕೀಲಣ್ಣ. ಮೇಲೆ ಬಟ್ಟೆ ಹೊದಿಸಿದೆ.

ಮುಖವಸ್ತ್ರ ಕೆಳಗಿಳಿಯುತ್ತದೆ. “ಯಾವುದು?”

“ತೆಗೆದು ನೋಡು.”

“ನೀವೇ ತೆಗೀರಿ.”

ಕೀಲಣ್ಣ ಬಟ್ಟೆ ಎಳೆಯುತ್ತಾರೆ. ಕೆಳಗೆ ನೆಟ್ಟಗೆ ನಿಂತಿರುವುದು ಅಲುಗದ ಪರದೆ. ಪೆಟ್ಟಿಗೆಯಕ್ಕ ಹತ್ತಿರ ಹೋಗಿ, ಸೋತು ಬಂದ ಆ ಮಾದರಿಯ ಬೆನ್ನು ಸವರುತ್ತಾರೆ. “ಬಾರಪ್ಪ. ನಿನ್ನದೇನೂ ತಪ್ಪಿಲ್ಲ.”

“ಎಡಕ್ಕೆ ಬಲಕ್ಕೆ ತಿರುಗೋದೆಲ್ಲ ಬೇಡ, ಬಾಗೋದೊಂದು ಇರಲಿ ಅಂದ್ರು” ಎನ್ನುತ್ತಾರೆ ಕೀಲಣ್ಣ, ಬಟ್ಟೆ ಮಡಚುತ್ತಾ.

“ಯಾರು ಅಂದ್ರು?”

“ಯಾರೋ ಅಂದ್ರು ಬಿಡು.”

ಹಿಂದೆಯೇ ಬಂದ ವಿನ್ಯಾಸಕಾರ ಹುಡುಗನಿಗೆ ತಡೆದುಕೊಳ್ಳಲು ಆಗುವುದಿಲ್ಲ. “ಇವರೇ ಅಂದಿದ್ದು ಅಕ್ಕ! ತಡವಾಗಿ ಬಂದ್ರು, ಉಳಿದಿದ್ದು ಆ ಕಡೆಯ ಕುರ್ಚಿ ಒಂದೇ. ಸಭೆ ನಡೆಸೋ ಮೇಡಮ್ಮು ಪರದೆ ಹಿಂದಿನಿಂದ ಏನೋ ಕೇಳಿದ್ರು. ಇವರು ‘ಆಂ?’ ಅಂದ್ರು. ಮತ್ತೆ ಕೇಳಿದ್ರು, ಮತ್ತೆ ‘ಆಂ?’ ಅಂದ್ರು. ಆಮೇಲೆ ಎದ್ದು ಹೋಗಿ, ತಾವೇ ನೆಟ್ಟಗಿನದನ್ನ ಎತ್ತಿ ಕೆಳಗಿಟ್ಟು, ಬಾಗೋದನ್ನ ಅಲ್ಲಿಟ್ಟು, ಒಂದು ಬೆರಳಲ್ಲಿ ತಲೆ ಬಗ್ಗಿಸಿ, ‘ಈಗ ಕೇಳಿ ಮೇಡಂ’ ಅಂದ್ರು. ಕೀಲು ಸವೆಯದ ಹಾಗೆ ಮಾಡೋದು ನನ್ನ ತಲೆನೋವು ಅಂತಾನೂ ಹೇಳಿಬಿಟ್ರು.”

“ಹೋಗಯ್ಯ, ನಿನಗೆ ಮೇಲೆ ಕೆಲಸ ಇಲ್ವಾ?” ಎಂದು ಕೀಲಣ್ಣ ಗದರುತ್ತಾರೆ. ಹುಡುಗ ನಗುತ್ತಾ ಮೆಟ್ಟಿಲು ಹತ್ತುತ್ತಾನೆ.

ಪೆಟ್ಟಿಗೆಯಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ಬೆಳಗಿನಿಂದ ನಿಂತೇ ಇದ್ದ ಕಾಲುಗಳು ಈಗಷ್ಟೇ ನೆನಪಾದಂತಿವೆ. ಕೈಯ ಬಿಳಿ ಧೂಳನ್ನು ನೋಡಿಕೊಳ್ಳುತ್ತಾ ನಿಧಾನವಾಗಿ ಹೇಳುತ್ತಾರೆ: “ಇನ್ನು ಯಾವುದೋ ಕೌಂಟರಿನ ಮುಂದೆ ಯಾರದೋ ಅಮ್ಮ ತನ್ನ ಹೆಸರು ತಾನೇ ಹೇಳ್ತಾಳೆ.”

ಕೀಲಣ್ಣ ಕೇಳಿಸಿಕೊಂಡಿದ್ದಾರೆ, ಅವರು ತುಟಿಯನ್ನೇ ನೋಡುತ್ತಿದ್ದರು. ತಮ್ಮ ಚೀಲದಿಂದ ಊಟದ ಡಬ್ಬಿ ತೆಗೆಯುತ್ತಾರೆ. ಕೆಲಸದ ಮೇಜಿನ ಮೂಲೆಯನ್ನು ತೋಳಿನಿಂದ ಒರೆಸಿ, ಮುಚ್ಚಳಕ್ಕೆ ತಮ್ಮ ಪಾಲೆಂದು ಒಂದಿಷ್ಟು ಬಡಿಸಿಕೊಳ್ಳುತ್ತಾರೆ. ಮುಕ್ಕಾಲು ತುಂಬಿದ ಡಬ್ಬಿಯನ್ನು ಆಕೆಯ ಮುಂದಕ್ಕೆ ಸರಿಸಿ, ಚಮಚದ ಹಿಡಿಯನ್ನು ಆಕೆಯ ಕಡೆಗೆ ತಿರುಗಿಸಿ ಇಡುತ್ತಾರೆ.