ಅವ್ವ ಮುಟ್ಟದ ಗಿಡ

ಚಳ್ಳಕೆರೆಯಲ್ಲಿ ಮನೆ ಕಟ್ಟಿಸಿದ ಮೇಲೆ ನನಗೆ ಗಿಡ ಬೆಳೆಸುವ ಹುಚ್ಚು ಹಿಡಿಯಿತು. ಹುಚ್ಚು ಎಂದು ಹೆಸರಿಟ್ಟವರು ನಮ್ಮ ಯಜಮಾನರು. ಅವರದೇನೂ ತಪ್ಪಿಲ್ಲ. ಗುಲಾಬಿ ನೆಟ್ಟೆ, ಒಣಗಿತು. ಕ್ರೋಟನ್ ನೆಟ್ಟೆ, ಎಲೆಯೆಲ್ಲ ಸುಟ್ಟುಕೊಂಡು ನಿಂತಿತು. ದಾಸವಾಳವನ್ನು ಆಷಾಢದ ಗಾಳಿ ಬುಡಸಮೇತ ಅಲ್ಲಾಡಿಸಿ ಮಲಗಿಸಿತು. ಗುದ್ದಲಿ ಹಾಕಿದರೆ ಟಣ್ ಎನ್ನುವ ಗರಸು ನೆಲ, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಕರೆ ಕಟ್ಟುವ ಬೋರಿನ ನೀರು. ಇಂಥಲ್ಲಿ ಹೂದೋಟ ಮಾಡುತ್ತೇನೆಂದು ಹೊರಟವಳ ತಲೆ ನೆಟ್ಟಗಿದೆ ಎಂದು ಯಾರು ತಾನೆ ಹೇಳಿಯಾರು?

ಆಗ ಟೆಂಪೋದಲ್ಲಿ ಗಿಡ ಮಾರಿಕೊಂಡು ಬಂದವನ ಹತ್ತಿರ ಒಂದು ಪುಟ್ಟ ಪಾಮ್ ಕೊಂಡೆ. "ಶೋ ಗಿಡ ಮೇಡಂ, ಎಂಥ ಬಿಸ್ಲಿದ್ರೂ ತಡೀತೈತೆ" ಎಂದ. ಗುಲಾಬಿ ಕೊಟ್ಟಾಗಲೂ ಹಾಗೇ ಅಂದಿದ್ದ. ಇರಲಿ ಎಂದು ಗೇಟಿನ ಪಕ್ಕ ಆಳವಾಗಿ ಗುಂಡಿ ತೆಗೆಸಿ, ಗರಸು ಹೊರಗೆ ಹಾಕಿಸಿ, ಕೆರೆಮಣ್ಣು ಕುರಿಗೊಬ್ಬರ ತುಂಬಿ ನೆಟ್ಟೆ. ಅಕ್ಕಿ ತೊಳೆದ ನೀರೆಲ್ಲ ಅದಕ್ಕೇ. ಎಣ್ಣೆ ಮಿಲ್ಲುಗಳ ಊರಾದ್ದರಿಂದ ಶೇಂಗಾ ಹಿಂಡಿಗೇನು ಬರವಿರಲಿಲ್ಲ. ನೆನೆಸಿ ಕೊಳೆಸಿ ತೆಳ್ಳಗೆ ಮಾಡಿ ಬುಡಕ್ಕೆ ಹಾಕುತ್ತಿದ್ದೆ. ಆ ನಾತಕ್ಕೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಗಿಡ ಬದುಕಿತು. ಬದುಕಿತು ಎಂದರೆ ಸಾಲದು. ಮತ್ತೊಂದು ಆಷಾಢ ಬಂದು ಗಾಳಿ ತಗಡುಗಳನ್ನು ಕಿತ್ತು ಹಾರಿಸುತ್ತಿದ್ದ ದಿನ ನಾನು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ. ಗರಿಗಳೆಲ್ಲ ಒಂದೇ ದಿಕ್ಕಿಗೆ ನೆಲ ಮುಟ್ಟುವಂತೆ ಬಾಗಿದವು. ಗಾಳಿ ತುಸು ಬಿಡುವು ಕೊಟ್ಟ ಕೂಡಲೇ ಒಂದೊಂದೂ ತನ್ನ ಜಾಗಕ್ಕೆ ಬಂದು ಸುಮ್ಮನೆ ಕೂತಿತು. ಒಂದೂ ಮುರಿದಿರಲಿಲ್ಲ. ಈ ನೆಲದಲ್ಲಿ, ಈ ನೀರು ಕುಡಿದು, ಇಷ್ಟು ನಯವಾದ ಹಸಿರನ್ನು ಇದು ಎಲ್ಲಿಂದ ತಂದಿತು ಎಂದು ಮೈ ಜುಮ್ಮೆಂದಿತು. ಶಾಲೆಯಲ್ಲಿ ಮಕ್ಕಳಿಗೆ ಎಲೆಯ ಪಾಠ ಎಷ್ಟೋ ಸಲ ಮಾಡಿದ್ದೆ, ಎಲೆಯೊಂದನ್ನು ಹಾಗೆ ನೋಡಿದ್ದು ಅಂದೇ.

ನನ್ನೆತ್ತರಕ್ಕೆ ಬೆಳೆದಾಗ ಒಂದು ಒಣಗರಿ ಕತ್ತರಿಸಲು ಕೈ ಹಾಕಿದೆ. ಬುಡದಲ್ಲಿದ್ದ ಮುಳ್ಳು ಸೂಜಿಯ ಹಾಗೆ ಇಳಿಯಿತು. ಬೆರಳು ಚೀಪುತ್ತ ಆ ಮುಳ್ಳು ನೋಡಿದೆ, ಹಳೆಯ ಗರಿಗಳ ಮೊಂಡು ಉಳಿದ ಒರಟು ಕಾಂಡ ನೋಡಿದೆ. ಇದು ಈಚಲು! ಕುಳ್ಳನೆಯ, ನಾಜೂಕಿನ, ಪೇಟೆಯ ಈಚಲು. ಪಾಮ್ ಎಂಬ ಹೆಸರು ಕೇಳಿ ನಾನು ಅದರ ಕುಲವನ್ನೇ ವಿಚಾರಿಸಿರಲಿಲ್ಲ.

ನಮ್ಮ ಮನೆತನದವರು ಈಚಲು ಮುಟ್ಟುವುದಿಲ್ಲ. ಮೊಳಕಾಲ್ಮುರು ಕಡೆಯ ನಮ್ಮ ಹಟ್ಟಿಯಲ್ಲಿ ಈಚಲ ಚಾಪೆಯ ಮೇಲೆ ಯಾರೂ ಕೂರುವುದಿಲ್ಲ, ಈಚಲ ಪೊರಕೆ ಒಳಗೆ ಬರುವುದಿಲ್ಲ, ಅದರ ಹಣ್ಣನ್ನು ಬಾಯಿಗಿಡುವುದಿಲ್ಲ. ಹೆಂಡದ ಮರವೆಂದು ಹಿರಿಯರು ಯಾವ ಕಾಲದಲ್ಲೋ ಬಿಟ್ಟರಂತೆ. ಪೇಟೆ ಸೇರಿದ ನಾನು ಇದನ್ನೆಲ್ಲ ಅರ್ಧ ಮರೆತಿದ್ದೆ. ಅವ್ವ ಎಳ್ಳಷ್ಟೂ ಮರೆತಿರಲಿಲ್ಲ. ಈಚಲು ಕಾವಲಿರುವ ಹೊಸಿಲನ್ನು ಅವಳು ತುಳಿಯುವವಳಲ್ಲ.

ಗೃಹಪ್ರವೇಶಕ್ಕೆ ಬಂದು ಹೋದ ಅವ್ವ ಆಮೇಲೆ ನಮ್ಮ ಮನೆಗೆ ಬಂದಿರಲಿಲ್ಲ, ನಾನೇ ಹಟ್ಟಿಗೆ ಹೋಗಿ ಬರುತ್ತಿದ್ದೆ. ಹಾಗಾಗಿ ಗಿಡದ ಗುಟ್ಟು ಗುಟ್ಟಾಗಿಯೇ ಉಳಿಯಿತು. ಅಷ್ಟರಲ್ಲಿ ಅವಳ ಕಣ್ಣಿಗೆ ಪೊರೆ ಬಂದು ಚಳ್ಳಕೆರೆಯಲ್ಲಿ ಆಪರೇಷನ್ ಆಯಿತು. ಹಟ್ಟಿಯ ಹೊಗೆ ಧೂಳು ಸದ್ಯಕ್ಕೆ ಬೇಡ, ಮಗಳ ಮನೆಯಲ್ಲಿರಲಿ ಎಂದರು ಡಾಕ್ಟರು. ಗಿಡ ನೋಡಿ ಅವ್ವ ಗೇಟಿನಿಂದಲೇ ವಾಪಸ್ ಹೊರಟರೆ ಅವಳ ಕಣ್ಣಿನ ಗತಿ? ಗಿಡ ಕಡಿಸಿದರೆ ನನ್ನ ಗತಿ?

"ಕಡಿದು ಹಾಕ್ಲಾ?" ಎಂದರು ಯಜಮಾನರು. ಪೇಟೆಯಲ್ಲೇ ಬೆಳೆದ ಅವರು ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಂಡವರಲ್ಲ.

"ಊಹೂಂ."

"ಹಂಗಾದ್ರೆ ಅತ್ತೆಗೆ ಹೇಳ್ತೀಯಾ?"

"ಊಹೂಂ."

"ಸರಿ, ನನಗೆ ಬಿಡು" ಎಂದರು. ಅವರಿಗೆ ಬಿಟ್ಟ ಕೆಲಸ ಯಾವತ್ತು ನೆಟ್ಟಗಾಗಿದೆ?

ಅವ್ವನನ್ನು ಆಸ್ಪತ್ರೆಯಿಂದ ಆಟೋದಲ್ಲಿ ಕರೆತಂದೆ. ಇಳಿದು ನೋಡಿದರೆ ಗೇಟಿನ ಪಕ್ಕ ನನ್ನ ಹಳೆಯ ಸೀರೆ ಉಟ್ಟುಕೊಂಡು ಯಾರೋ ನಿಂತಿದ್ದಾರೆ. ನಾನು ಆಸ್ಪತ್ರೆಯಲ್ಲಿದ್ದಾಗ ಯಜಮಾನರು ಇದ್ದಬದ್ದ ಬುದ್ಧಿಯನ್ನೆಲ್ಲ ಖರ್ಚು ಮಾಡಿ ಗರಿಗಳನ್ನು ಒಟ್ಟುಗೂಡಿಸಿ, ಗೋಣಿಚೀಲ ಸುತ್ತಿ, ಮೇಲೆ ಸೀರೆ ಹೊದಿಸಿ ಹಗ್ಗ ಬಿಗಿದಿದ್ದರು. ಈಗ ಏನೂ ಅರಿಯದವರ ಹಾಗೆ ಗೇಟು ಹಿಡಿದು ನಿಂತಿದ್ದರು. ನನಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆಯೂ ಬಂತು.

ಅವ್ವ ಕಪ್ಪು ಕನ್ನಡಕವನ್ನು ಅತ್ತ ತಿರುಗಿಸಿದಳು. "ಯಾರವ್ವ ನೀನು? ಬಿಸ್ಲಾಗೆ ಯಾಕೆ ನಿಂತಿದ್ದೀಯಾ? ಒಳಕ್ಕೆ ಬಾರವ್ವ" ಎಂದು ಗಿಡವನ್ನು ಕರೆದಳು.

ಪಕ್ಕದ ಮನೆಯಾಕೆ ಎಂದುಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಯಜಮಾನರು ಹಾಗೆ ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರು. ಆದರೆ ಅವ್ವನ ಕೈ ನನ್ನ ಭುಜದ ಮೇಲಿತ್ತು. ನಾನು ಎಲ್ಲಿ ಹೆಜ್ಜೆ ಇಡಿಸಿದರೆ ಅಲ್ಲಿ ಇಡುವವಳಾಗಿದ್ದಳು. ಅವಳ ನೇಮವನ್ನು ಅವಳಿಗೇ ತಿಳಿಯದಂತೆ ಮುರಿಸುವುದು ನನ್ನಿಂದಾಗಲಿಲ್ಲ.

"ಅದು ಹೆಂಗ್ಸಲ್ಲವ್ವ, ಈಚಲು. ಗೊತ್ತಿಲ್ದೆ ತಂದು ನೆಟ್ಟೆ. ಗೊತ್ತಾದ ಮ್ಯಾಲೆ ಕಡಿಯಾಕೆ ಮನಸ್ಸು ಬರ್ಲಿಲ್ಲ."

ಅವ್ವ ಭುಜದಿಂದ ಕೈ ತೆಗೆದಳು. ಆಟೋದವನು ಹೋಗಲೋ ನಿಲ್ಲಲೋ ಎಂದು ನಮ್ಮನ್ನೇ ನೋಡುತ್ತಿದ್ದ. ಅವ್ವ ಅಳಿಯನ ಕಡೆ ತಿರುಗಿ, "ಮೊದ್ಲು ಆ ಬಟ್ಟೆ ಬಿಚ್ಚಪ್ಪ. ಉಸ್ರು ಕಟ್ಟತೈತೆ ಅದಕ್ಕೆ" ಎಂದಳು.

ಹಗ್ಗ ಬಿಚ್ಚಿದ್ದೇ ತಡ ಗರಿಗಳು ಸರ್ರನೆ ನಾಲ್ಕೂ ಕಡೆ ಹರಡಿಕೊಂಡವು. "ಬ್ಯಾಡ ಅಂದ್ರೆ ಇವತ್ತೇ ಕಡಿಸ್ತೀನವ್ವ" ಎಂದೆ.

"ಮುಟ್ಟಬ್ಯಾಡ್ರಿ ಅಂದಿದ್ರು ಹಿರೇರು, ಕಡೀರಿ ಅಂತ ಯಾವಾಗ ಅಂದ್ರು? ಕೊಡ್ಲಿ ಹಾಕಿದ್ರೂ ಮುಟ್ಟಿದಂಗೇ ಅಲ್ವೇನೇ? ನಾನಂತೂ ಅದರ ಪಕ್ಕ ಹಾದು ಬರಲ್ಲ. ಹಿತ್ಲು ಬಾಗ್ಲು ಐತಲ್ಲ, ಹಂಗೆ ಕರ್ಕಂಡು ನಡಿ."

ಗಲ್ಲಿ ಸುತ್ತಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಿಂದ ಅವ್ವನನ್ನು ಒಳಗೆ ಕರೆತಂದೆ. ನೇಮವನ್ನು ಒಂದಿಷ್ಟೂ ಸಡಿಲಿಸದೆ ಅದರೊಳಗೇ ನನ್ನ ಗಿಡಕ್ಕೂ ಜಾಗ ಮಾಡಿದಳಲ್ಲ ಎಂದು ಬೆರಗಾಗಿದ್ದೆ.

ಮೊದಮೊದಲು ಅವ್ವ ಪಡಸಾಲೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಕಣ್ಣು ತಿಳಿಯಾಗುತ್ತ ಬಂದ ಹಾಗೆ ಕುರ್ಚಿ ಅಡ್ಡವಾಯಿತು. ಒಂದು ಬೆಳಗ್ಗೆ ನೋಡುತ್ತೇನೆ, ಪೂರಾ ಕಿಟಕಿಯ ಕಡೆಗೇ ತಿರುಗಿದೆ. ಹೊರಗೆ ಗಿಡದ ನಡುನೆತ್ತಿಯಲ್ಲಿ ಹೊಸ ಸುಳಿ ನೆಟ್ಟಗೆ ಎದ್ದು ನಿಂತಿತ್ತು. ಎಲೆಯೆಲ್ಲ ಒತ್ತೊತ್ತಾಗಿ ಮಡಿಸಿಕೊಂಡು, ಮೈಮೇಲೆ ಹಿಟ್ಟು ಉದುರಿಸಿದಂಥ ಬಿಳುಪು, ಅಂಚಿನಲ್ಲಿ ಹೊಲಿಗೆ ಹಾಕಿದಂಥ ಸಣ್ಣ ಎಳೆ. ಆ ಎಳೆ ಬಿಟ್ಟುಕೊಂಡಲ್ಲೆಲ್ಲ ಒಂದೊಂದೇ ಎಲೆ ಬಿಡಿಯಾಗುತ್ತಿತ್ತು.

"ಯಾರೇ ಅದನ್ನ ಒಳಗೆ ಹಂಗೆ ಮಡಿಸಿ ಇಟ್ಟಿದ್ದು?" ಎಂದಳು ಅವ್ವ.

"ಯಾರೂ ಇಲ್ಲವ್ವ, ಅದೇ."

"ಅದೇನಾ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಪಾಠದಲ್ಲಿ ಬರೆದಿದ್ದೆಲ್ಲ ಆ ಪ್ರಶ್ನೆಯ ಮುಂದೆ ಸಪ್ಪೆ ಅನ್ನಿಸಿತು.

ಮಾರನೆಯ ದಿನವೇ ಅಣ್ಣ ಹಟ್ಟಿಯಿಂದ ಗಾಡಿ ತಂದ. ಇನ್ನು ಕರೆದುಕೊಂಡು ಹೋಗಬಹುದೆಂದು ಡಾಕ್ಟರು ಹೇಳಿದ್ದರು. ಅವನೂ ಗಿಡ ಕಂಡು ಹಿತ್ತಿಲಿಗೇ ಸುತ್ತಿ ಬಂದ. ಚೀಲ ಕಟ್ಟಿಟ್ಟಾಗಿತ್ತು. "ಏಳವ್ವ, ಹೊತ್ತಾಗ್ತೈತೆ" ಎಂದ. ಅವ್ವ ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.

"ನಾನು ಕುರಿ ಕಾಯೋವಾಗ ಹಳ್ಳದ ಉದ್ದಕ್ಕೂ ಇವೇ ಇದ್ವು ಕಣೋ. ಕಂಡ್ರೆ ಮಖ ತಿರುವ್ಕಂಡು ಹೋಗು ಅಂತಿದ್ಲು ನಮ್ಮವ್ವ. ಹಂಗೇ ಹೋದೆ. ನಿಮಗೂ ಹಂಗೇ ಹೇಳ್ಕೊಟ್ಟೆ. ಮುಟ್ಟಬ್ಯಾಡ್ರಿ ಅಂದಿದ್ದಕ್ಕೆ ನೋಡೋದನ್ನೂ ಬಿಟ್ವಲ್ಲೋ ನಾವು." ಅವಳು ಸುಳಿಯ ಕಡೆ ಬೆರಳು ತೋರಿಸಿದಳು. "ಅದಿನ್ನೂ ಅರ್ಧನೂ ಬಿಚ್ಚಿಲ್ಲ. ನಾನು ಆಮ್ಯಾಕೆ ಬರ್ತೀನಿ."

ಅಣ್ಣ ಚೀಲ ಕೆಳಗಿಟ್ಟು ನನ್ನ ಮುಖ ನೋಡಿದ. ನಾನು ಒಳಗಿನಿಂದ ಅವನಿಗೂ ಒಂದು ಕುರ್ಚಿ ತಂದು ಅವ್ವನ ಪಕ್ಕ ಹಾಕಿದೆ.