ಮಾತ್ರೆಯ ಬಣ್ಣ

ಪಕ್ಕದ ಮನೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಬಿದ್ದರೆ ಇವತ್ತಿಗೂ ನನ್ನ ಹೊಟ್ಟೆ ಒಮ್ಮೆ ತೊಳಸುತ್ತದೆ. ಮಂಡಕ್ಕಿಯ ತಪ್ಪೇನಿಲ್ಲ, ಬಿಡಿ. ಆ ವಾಸನೆಗೆ ವಾಕರಿಸುತ್ತಲೇ ಟಿ.ಬಿ. ಮಾತ್ರೆ ನುಂಗುತ್ತಿದ್ದ ಕಾಲ ನನ್ನ ಮೂಗಿನಲ್ಲಿ ಉಳಿದುಬಿಟ್ಟಿದೆ.

ಹೊಸಪೇಟೆಯವರಿಗೆ ಟಿ.ಬಿ. ಎಂದರೆ ಮೊದಲು ಊರ ಪಕ್ಕದ ಟಿ.ಬಿ. ಡ್ಯಾಮೇ. ನಾನು ಆಸ್ಪತ್ರೆಯಿಂದ ಬಂದು "ಟಿ.ಬಿ. ಅಂತ್ರಿ" ಎಂದಾಗ, ಕಂಪ್ಲಿಯಿಂದ ಬಂದಿದ್ದ ಅತ್ತೆ, "ಈ ಬಿಸಿಲಾಗ ಡ್ಯಾಮಿಗೆ ಯಾಕವ್ವ?" ಎಂದಿದ್ದರು. ನನಗೂ ಒಂದು ಕ್ಷಣ ಅಲ್ಲಿಗೇ ಹೋಗಬೇಕೇನೋ ಅನ್ನಿಸಿತು.

ಮಾತ್ರೆ ಶುರುವಾದ ಮೇಲೆ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು. ರಕ್ತವೆಂದು ಹೆದರಿ ಆಸ್ಪತ್ರೆಗೆ ಓಡಿದೆ. "ಅದು ಮಾತ್ರಿ ಬಣ್ಣರಿ, ಹೆದರಬ್ಯಾಡ್ರಿ," ಎಂದರು ನರ್ಸ್. ನಾಚಿಕೆಯಾಯಿತು. ಅಂದಿನಿಂದ ಏನೇ ಆದರೂ ಮಾತ್ರೆಯ ತಲೆಗೆ ಕಟ್ಟಿ ಬಾಯಿ ಮುಚ್ಚಿಕೊಂಡೆ. ವಾಕರಿಕೆಯೂ ಮಾತ್ರೆಯದು, ಕೀಲುನೋವೂ ಮಾತ್ರೆಯದು. ಕಣ್ಣು ಮಂಜಾಯಿತು, ಅದೂ ಇರಬಹುದು.

ನನ್ನದು ಮ್ಯಾಚಿಂಗ್ ಸೆಂಟರ್, ಸೀರೆಗೆ ಹೊಂದುವ ಜಂಪರಿನ ಬಟ್ಟೆ ಮಾರುವ ಪುಟ್ಟ ಅಂಗಡಿ. ಒಂದು ದಿನ ಹಸಿರು ಸೀರೆ ತಂದಾಕೆಗೆ ಕೆಂಪು ಬಟ್ಟೆ ಕತ್ತರಿಸಿಕೊಟ್ಟೆ.

"ಏನಕ್ಕ, ಚ್ಯಾಷ್ಟಿ ಮಾಡ್ತಿ ಏನು?" ಎಂದಳು.

ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. ಎರಡೂ ಒಂದೇ ಮಣ್ಣುಬಣ್ಣ. ಸಂಜೆ ಮನೆಗೆ ಬಂದು ಹೇಳಿದೆ.

"ಬಿಟ್ಟುಬಿಡವ್ವ ಆ ಮಾತ್ರಿ. ಕಣ್ಣು ಹೋದ್ರ ಏನು ಮಾಡ್ತಿ?" ಎಂದರು ಅತ್ತೆ.

"ಬಿಟ್ರ ರೋಗ ತಿರುಗಿ ಬರ್ತೈತಿ," ಎಂದರು ನನ್ನ ಗಂಡ.

ಇಬ್ಬರದೂ ಸರಿ ಅನ್ನಿಸಿತು. ಮರುದಿನ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು, ನುಂಗಲಾರದೆ ಎಸೆಯಲಾರದೆ ಕುಳಿತಿದ್ದೆ. ಕೊನೆಗೆ ಅವನ್ನು ಸೆರಗಿಗೆ ಕಟ್ಟಿಕೊಂಡು ಆಸ್ಪತ್ರೆಗೆ ನಡೆದೆ.

ಡಾಕ್ಟರಮ್ಮ ಕಣ್ಣು ಪರೀಕ್ಷೆ ಮಾಡಿಸಿದರು. ಕಣ್ಣಿಗೆ ತೊಂದರೆ ಕೊಡುವ ಒಂದು ಔಷಧಿಯನ್ನಷ್ಟೇ ನಿಲ್ಲಿಸಿ, ಉಳಿದವನ್ನು ತಪ್ಪದೆ ನುಂಗಲು ಹೇಳಿದರು.

"ಕಣ್ಣು ಮಂಜಾದ ಕೂಡ್ಲೇ ಯಾಕ ಬರ್ಲಿಲ್ರಿ?"

"ಯಾವುದಕ್ಕ ಹೆದರಬೇಕು, ಯಾವುದಕ್ಕ ಸುಮ್ಮನಿರಬೇಕು, ನನಗ ಹೆಂಗ ಗೊತ್ತಾಗಬೇಕ್ರಿ?" ಎಂದೆ. ಅಳು ಬಂದಿತ್ತು.

ಡಾಕ್ಟರಮ್ಮ ಚೀಟಿ ಬರೆಯುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಗೊತ್ತಾಗೂದಿಲ್ರಿ. ಅದಕ್ಕ ಎಲ್ಲಾನೂ ಬಂದು ಹೇಳ್ರಿ. ಯಾವುದು ಏನಂತ ನಾವು ನೋಡ್ತೀವಿ."

ಕಾಯಿಲೆ ವಾಸಿಯಾಯಿತು. ಕೆಂಪು, ಹಸಿರು ನಿಧಾನವಾಗಿ ತಮ್ಮ ತಮ್ಮ ಜಾಗಕ್ಕೆ ಬಂದವು. ಆದರೂ ಈಗ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಬಾಗಿಲ ಬೆಳಕಿಗೆ ಒಯ್ದು, "ನಿಮಗ ಯಾವ ಬಣ್ಣ ಕಾಣ್ತೈತ್ರಿ?" ಎಂದು ಗಿರಾಕಿಯನ್ನೇ ಕೇಳುತ್ತೇನೆ. ಮೊನ್ನೆ ಒಬ್ಬಾಕೆ ಬಹಳ ಹೊತ್ತು ನೋಡಿ, "ನನಗೂ ತಿಳಿವಲ್ದಕ್ಕ," ಎಂದಳು. ಇಬ್ಬರೂ ನಗುತ್ತ, ದಾರಿಯಲ್ಲಿ ಹೋಗುತ್ತಿದ್ದ ಇನ್ನೊಬ್ಬಾಕೆಯನ್ನು ಕರೆದೆವು.