ಸಿದ್ದಪ್ಪಣ್ಣನಿಗೆ ಕಂಡ ಕಿವಿ

ಸಿದ್ದಪ್ಪಣ್ಣ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಮಾತಾಡಿಸಿದರೆ ನಮ್ಮ ಭುಜದ ಹಿಂದೆ ಯಾರೋ ನಿಂತಿದ್ದಾರೆ ಅನ್ನೋ ಹಾಗೆ ನೋಡೋನು. ನಾನು ಎಷ್ಟೋ ಸಲ ಹೆದರಿ ಹಿಂದೆ ತಿರುಗಿದ್ದೇನೆ.

ಹನೂರಿಂದ ಕೊಳ್ಳೇಗಾಲಕ್ಕೆ ಓಡುತ್ತಿದ್ದ ಪೆಟ್ರೋಲು ಸಿಗದ ಕಾಲದ ಇದ್ದಿಲ ಬಸ್ಸಿನ ಡ್ರೈವರು ಆವಯ್ಯ. ಅದಕ್ಕೂ ಮೊದಲು ರೇಷ್ಮೆ ಸೀರೆ ನೇಯುತ್ತಿದ್ದ. ಕಣ್ಣು ಪಳಗಿದ್ದು ಮಗ್ಗದಲ್ಲಿ. “ಒಂದೇ ಎಳೆ ಮ್ಯಾಲೆ ಕಣ್ಣು ನೆಟ್ರೆ ಪಕ್ಕದ್ದು ಕಿತ್ತೋದ್ದು ಕಾಣಾಕಿಲ್ಲ ಕಣವ್ವ. ರೋಡೂ ಅಂಗೇಯ. ಎಲ್ಲಾನೂ ಒಟ್ಗೆ ನೋಡ್ಬೇಕು” ಅನ್ನೋನು.

ನಾನು ಚೊಚ್ಚಲ ಬಸುರಿ, ಅತ್ತೆಯ ಜೊತೆ ಕೊಳ್ಳೇಗಾಲದ ತವರಿಗೆ ಹೊರಟಿದ್ದೆ. ಕಾಡಿನ ತಿರುವಲ್ಲಿ, ಎಡಕ್ಕೆ, ಬಿದಿರ ಮೆಳೆಯ ಹತ್ತಿರ ಆನೆ ನಿಂತಿತ್ತು. ಬಸ್ಸಿನ ಜನವೆಲ್ಲ ಎಡಕ್ಕೆ ಬಾಗಿದರು.

“ಅಗೋ, ಎಡಕ್ಕೆ ನೋಡ್ಲಾ ಕುಲ್ಡಾ!” ಅತ್ತೆ ಕಿರುಚಿದರು.

ಆವಯ್ಯ ಅತ್ತ ತಿರುಗಲೇ ಇಲ್ಲ. ಬ್ರೇಕು ತುಳಿದ. ಬಲಗಡೆ ಗಾಳಿಯಿಲ್ಲದೆಯೇ ಹುಲ್ಲು ಅಲ್ಲಾಡುತ್ತಿತ್ತು. ಅಲ್ಲಿಂದ ಮರಿಯಾನೆ ಹೊರಬಂತು. ತಾಯಿ ನಮ್ಮ ಬಸ್ಸಿನ ಮೂತಿಯ ಮುಂದೆಯೇ ದಾಟಿ ಮರಿಯನ್ನು ಸೇರಿತು. ಇನ್ನೊಂದು ಮಾರು ಮುಂದೆ ಹೋಗಿದ್ದರೆ ತಾಯಿಗೂ ಮರಿಗೂ ನಡುವೆ ನಾವಿರುತ್ತಿದ್ದೆವು.

ಆವಯ್ಯ ಅತ್ತೆಯನ್ನು ಮೆಲ್ಲಗೆ ಕೇಳಿದ: “ಅಮ್ಮಾ, ಕುಲ್ಡ ಅಂದ್ಯಲ್ಲ, ನಿಂದು ಕರಿನಾಲ್ಗೆ ಅಲ್ಲ ತಾನೆ?” ಕರಿನಾಲಗೆಯವರು ಅಂದದ್ದು ಆಗಿಯೇ ತೀರುತ್ತದೆ ಅಂತ ನಮ್ಮ ಕಡೆ ಭಯ. ಜನ ನಕ್ಕರು. ಆವಯ್ಯ ನಗಲಿಲ್ಲ.

ಬಾಣಂತನ ಮುಗಿಸಿ ಹನೂರಿಗೆ ಹೊರಟ ದಿನವೂ ಅದೇ ಬಸ್ಸು. ತುಂಬಿ ನಿಂತಿತ್ತು. “ಅಣ್ಣಾ, ನನ್ನ ಮಗನ್ನ ನೋಡು” ಅಂತ ಕೂಸನ್ನು ಆವಯ್ಯನ ಕೈಗೆ ಕೊಟ್ಟೆ. ತನ್ನ ಕತ್ತು ಅತ್ತ ವಾಲಿಸಿದ, ಇತ್ತ ವಾಲಿಸಿದ. ಬೆರಳಿಂದ ಕೂಸಿನ ಮೂಗು ಸವರಿದ.

“ಕಿವಿ ಕಾಣ್ತದೆ ಕಣವ್ವ. ಬಂಗಾರದಂತ ಕಿವಿ. ಮೊಕ ಇಲ್ಲ.”

“ಏನಣ್ಣಾ ಅಂಗಂದ್ರೆ?”

“ನನ್ ಕಣ್ಗೆ ಸುತ್ಲೂ ಎಳೆ ಅವೆ, ನಡೂಕೆ ಮಾಸೋಗದೆ. ಯಾರ್ ಮೊಕನೂ ಕಾಣಾಕಿಲ್ಲ. ಮಗೀದಾರ ಕಂಡಾತೇನೋ ಅಂದ್ಕಂಡೆ.”

“ಅಣ್ಣಾ, ಒತ್ತಾಯ್ತು, ಬಸ್ ಅತ್ತು!” ಕಂಡಕ್ಟರು ಕೂಗಿದ.

ಆವಯ್ಯ ಕೂಸನ್ನು ನನ್ನ ಮಡಿಲಿಗಿಟ್ಟ. “ಈ ಮಗೀನ ಕೂರುಸ್ಕಂಡು ಬಸ್ ಓಡ್ಸಾಕಿಲ್ಲ ನಾನು” ಅಂದವನೇ, ಗೋಡೆಗೆ ಕೈ ತಾಗಿಸಿಕೊಂಡು ನೇಕಾರರ ಬೀದಿಯ ಕಡೆ ನಡೆದುಬಿಟ್ಟ. ಹಿಂದಿನಿಂದ ಹಾರನ್ನು ಒತ್ತುತ್ತಲೇ ಇದ್ದರು. ತಿರುಗಲಿಲ್ಲ. ಆಮೇಲೆ ನಾನು ಆವಯ್ಯನನ್ನು ಕಾಣಲಿಲ್ಲ.

ಆ ಕೂಸಿಗೇ ನಿನ್ನೆ ಮಗಳು ಹುಟ್ಟಿದ್ದಾಳೆ! ಮೊಮ್ಮಗಳು! ಕುಣಿಯೋಣ ಅನ್ನಿಸುತ್ತೆ, ಮಂಡಿ ಬಿಡುತ್ತಿಲ್ಲ. ಎಲ್ಲರೂ ತೊಟ್ಟಿಲಿಗೆ ಬಗ್ಗಿ ಮುಖ ಯಾರ ಹಾಗಿದೆ ಅಂತ ಜಗಳಕ್ಕೆ ಬಿದ್ದರು. ನಾನು ಮೊದಲು ಕಿವಿ ನೋಡಿದೆ.